ಮೇಣದಬತ್ತಿಯ ದಾರ ಹುಡುಕಿದ್ದು ಯಾರು?

ವುಡಿ ಆಲನ್ ನಿರ್ದೇಶನದ ‘ಮ್ಯಾಜಿಕ್ ಇನ್ ದ ಮೂನ್‌ಲೈಟ್’ 2014ರಲ್ಲಿ ಬಂತು. ಅಂಥ ದೊಡ್ಡ ಸಿನಿಮಾ ಏನಲ್ಲ ಬಿಡಿ. ನಾಯಕ ಕಾಲಿನ್ ಫರ್ತ್‌ಗೂ ನಾಯಕಿ ಎಮ್ಮಾ ಸ್ಟೋನ್‌ಗೂ 28 ವರ್ಷ ಅಂತರ, ಆ ಜೋಡಿಯ ಪ್ರೇಮ ನೋಡೋಕೆ ಸ್ವಲ್ಪ ಮುಜುಗರವೇ ಆಗುತ್ತದೆ. ಆದರೆ ಬುದ್ಧಿವಂತ ಮನುಷ್ಯ ಹೇಗೆ ಮೋಸ ಹೋಗುತ್ತಾನೆ ಅನ್ನೋದನ್ನು ಇದು ತುಂಬಾ ಸರಿಯಾಗಿ ಹಿಡಿದಿದೆ. ಸುಳ್ಳಿನಿಂದ ಸಿಗುವ ಸಮಾಧಾನದ ವಿಷಯಕ್ಕೆ ಬಂದಾಗ ಮಾತ್ರ ಎಡವುತ್ತದೆ. ಎರಡನ್ನೂ ಹೇಳಬೇಕಾದರೆ ಕಥೆಯ ಗುಟ್ಟು ಬಿಟ್ಟುಕೊಡಲೇಬೇಕು. ಇನ್ನೂ ನೋಡಿಲ್ಲದವರು ಬೇಕಿದ್ದರೆ ಇಲ್ಲೇ ನಿಲ್ಲಿಸಿ.

1928ನೇ ಇಸವಿ. ಬರ್ಲಿನ್‌ನ ವೇದಿಕೆ ಮೇಲೆ ವೇಯ್ ಲಿಂಗ್ ಸೂ ಎಂಬ ಚೀನೀ ಜಾದೂಗಾರ ಆನೆಯನ್ನೇ ಮಾಯ ಮಾಡುತ್ತಾನೆ. ವೇಷ ಕಳಚಿದರೆ ಒಳಗಿರುವವನು ಸ್ಟಾನ್ಲಿ ಎಂಬ ಇಂಗ್ಲಿಷ್ ಆಸಾಮಿ. ಮಹಾ ಸಿಡುಕ. ದೇವರಿಲ್ಲ, ದೆವ್ವವಿಲ್ಲ, ಕಣ್ಣಿಗೆ ಕಾಣೋದಷ್ಟೇ ಇರೋದು ಎನ್ನುವವನು. ಸತ್ತವರನ್ನು ಮಾತಾಡಿಸುತ್ತೇವೆ ಅನ್ನೋ ‘ಮೀಡಿಯಂ’ಗಳ ಬಣ್ಣ ಬಯಲು ಮಾಡುವುದು ಇವನ ಇನ್ನೊಂದು ಕಸುಬು. ಅವನ ಬಾಲ್ಯದ ಗೆಳೆಯ ಹೋವರ್ಡ್, ಅವನೂ ಜಾದೂಗಾರನೇ, ಬಂದು ಕರೆಯುತ್ತಾನೆ: ಫ್ರಾನ್ಸ್‌ನ ದಕ್ಷಿಣ ಕರಾವಳಿಯಲ್ಲಿ ಒಂದು ಶ್ರೀಮಂತ ಅಮೆರಿಕನ್ ಕುಟುಂಬವನ್ನು ಸೋಫಿ ಅನ್ನೋ ಹುಡುಗಿ ಬುಟ್ಟಿಗೆ ಹಾಕಿಕೊಂಡಿದ್ದಾಳೆ, ಅವಳ ಗುಟ್ಟು ನನಗೆ ಸಿಗುತ್ತಿಲ್ಲ, ನೀನೇ ಬಂದು ಹಿಡಿದುಕೊಡು.

ಇದರಲ್ಲಿ ಕಲ್ಪನೆಗಿಂತ ಇತಿಹಾಸವೇ ಜಾಸ್ತಿ. ವಿಲಿಯಂ ರಾಬಿನ್ಸನ್ ಎಂಬ ಅಮೆರಿಕನ್ ಜಾದೂಗಾರ ಚಂಗ್ ಲಿಂಗ್ ಸೂ ಅಂತ ಹೆಸರಿಟ್ಟುಕೊಂಡು, ವರ್ಷಗಟ್ಟಲೆ ಚೀನೀ ವೇಷದಲ್ಲೇ ಪ್ರದರ್ಶನ ಕೊಟ್ಟ. ವೇದಿಕೆ ಮೇಲೆ ಇಂಗ್ಲಿಷ್ ಬಾಯಿಂದ ಹೊರಡದಂತೆ ನೋಡಿಕೊಂಡ. 1918ರಲ್ಲಿ ಲಂಡನ್ನಿನಲ್ಲಿ ಗುಂಡು ಹಿಡಿಯುವ ಆಟದಲ್ಲಿ ಬಂದೂಕು ಕೈಕೊಟ್ಟು ನಿಜವಾಗಿಯೂ ಗುಂಡು ತಗುಲಿದಾಗ, ಪರದೆ ಇಳಿಸಿ ಅಂತ ಅವನು ಕೂಗಿದ್ದು ಇಂಗ್ಲಿಷಿನಲ್ಲೇ. ಅದೇ ವರ್ಷ ಹ್ಯಾರಿ ಹೂಡಿನಿ ನ್ಯೂಯಾರ್ಕ್‌ನಲ್ಲಿ ಜೆನ್ನಿ ಎಂಬ ಆನೆಯನ್ನು ವೇದಿಕೆಯಿಂದ ಮಾಯ ಮಾಡಿದ. ಮೀಡಿಯಂಗಳ ಬೆನ್ನು ಹತ್ತಿದವನೂ ಅವನೇ. ಇಬ್ಬರನ್ನೂ ಸೇರಿಸಿದರೆ ಸ್ಟಾನ್ಲಿ.

ಸೋಫಿ ಸ್ಟಾನ್ಲಿಯ ಬಗ್ಗೆ ಯಾರಿಗೂ ಗೊತ್ತಿರಬಾರದ ಸಂಗತಿಗಳನ್ನು ಹೇಳುತ್ತಾ ಹೋಗುತ್ತಾಳೆ. ಕತ್ತಲೆ ಕೋಣೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತಿರುವಾಗ ಒಂದು ಮೇಣದಬತ್ತಿ ಮೆಲ್ಲಗೆ ಗಾಳಿಯಲ್ಲಿ ಏಳುತ್ತದೆ. ಹೋವರ್ಡ್ ಎದ್ದು ಪರೀಕ್ಷೆ ಮಾಡುತ್ತಾನೆ. ಏನೂ ಸಿಗುವುದಿಲ್ಲ. ಆಮೇಲೆ ಸ್ಟಾನ್ಲಿ ಅವಳನ್ನು ತನ್ನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದರೆ, ಚಿಕ್ಕಮ್ಮನ ಹಳೇ ಪ್ರೇಮದ ಕಥೆಯನ್ನೇ ಬಿಚ್ಚಿಡುತ್ತಾಳೆ. ಅಲ್ಲಿಗೆ ಸ್ಟಾನ್ಲಿ ಮುಗ್ಗರಿಸಿಬಿಟ್ಟ. ಪತ್ರಕರ್ತರನ್ನು ಕರೆಸಿ, ಇಷ್ಟು ದಿನ ನಾನು ಹೇಳಿದ್ದು ತಪ್ಪು, ಇವಳು ನಿಜ ಎನ್ನುತ್ತಾನೆ.

ನಿಜ ಏನಪ್ಪಾ ಅಂದರೆ, ಎಲ್ಲ ಮಾಹಿತಿ ಕೊಟ್ಟವನು ಹೋವರ್ಡ್. ಸ್ಟಾನ್ಲಿ ಮೇಲೆ ಅವನಿಗೆ ಹಳೇ ಹೊಟ್ಟೆಕಿಚ್ಚು. ಚಿಕ್ಕಮ್ಮನ ಕಥೆ ಅವನಿಗೆ ಗೊತ್ತಿತ್ತು. ಮೇಣದಬತ್ತಿಗೆ ದಾರ ಕಟ್ಟಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಟವನೂ ಅವನೇ! ಸ್ಟಾನ್ಲಿ ಸೋಫಿಯನ್ನು ಅಡಿಯಿಂದ ಮುಡಿವರೆಗೆ ಅನುಮಾನಿಸಿದ, ತನ್ನನ್ನು ಅಲ್ಲಿಗೆ ಕರೆತಂದ ಗೆಳೆಯನನ್ನು ಮಾತ್ರ ಒಂದು ಸಲವೂ ಅನುಮಾನಿಸಲಿಲ್ಲ. ಈ ಸಿನಿಮಾದ ವಿಜ್ಞಾನ ಇರೋದು ಇಲ್ಲೇ. ಮುಂಚೆಯೇ ಮಾಹಿತಿ ಕಲೆಹಾಕಿ, ಈಗಷ್ಟೇ ಹೊಳೆದ ಹಾಗೆ ಹೇಳುವುದಕ್ಕೆ ಈ ಕಸುಬಿನವರು ‘ಹಾಟ್ ರೀಡಿಂಗ್’ ಅಂತಾರೆ. ಅದನ್ನು ಹಿಡಿಯಬೇಕಾದರೆ ಮೀಡಿಯಂನ ಕೈ ನೋಡುತ್ತಾ ಕೂತರೆ ಪ್ರಯೋಜನವಿಲ್ಲ, ಅವಳಿಗೆ ವಿಷಯ ಯಾವ ದಾರಿಯಿಂದ ಬಂತು ಅಂತ ನೋಡಬೇಕು.

ಮಾಹಿತಿಯೇ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಅದು ‘ಕೋಲ್ಡ್ ರೀಡಿಂಗ್’. ಎದುರಿನವರ ಮುಖ, ಬಟ್ಟೆ, ಉಸಿರು ನೋಡಿಕೊಂಡು ಎಲ್ಲರಿಗೂ ಹೊಂದುವ ಮಾತು ಬಿಡುವುದು, ಎಲ್ಲಿ ಕಣ್ಣು ಅರಳುತ್ತದೋ ಆ ಕಡೆ ಮುಂದುವರಿಯುವುದು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ‘ನಿಮ್ಮ ಫಲಿತಾಂಶ’ ಅಂತ ಒಂದು ಹಾಳೆ ಕೊಟ್ಟು, ಇದು ನಿಮಗೆ ಎಷ್ಟು ಹೊಂದುತ್ತದೆ, 5ಕ್ಕೆ ಎಷ್ಟು ಅಂಕ ಕೊಡ್ತೀರಿ ಅಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಅದೇ ವಾಕ್ಯಗಳು, ಹೆಚ್ಚಿನವು ರಸ್ತೆ ಬದಿ ಅಂಗಡಿಯ ಜ್ಯೋತಿಷ ಪುಸ್ತಕದಿಂದ ಎತ್ತಿದ್ದು. ಹೊರಗೆ ಗಟ್ಟಿಯಾಗಿ ಕಾಣ್ತೀರಿ, ಒಳಗೊಳಗೇ ಅಳುಕು ಇದೆ, ನಿಮ್ಮಲ್ಲಿ ಇನ್ನೂ ಬಳಸದೇ ಉಳಿದ ಶಕ್ತಿ ಇದೆ ಅನ್ನೋ ಧಾಟಿಯ ಮಾತುಗಳು. ನಮ್ಮೂರ ಬುಡುಬುಡಿಕೆಯವನು ಬಾಗಿಲಲ್ಲಿ ನಿಂತು, ಯಾರಿಗೆ ಎಷ್ಟು ಮಾಡಿದರೂ ನಿಮ್ಮ ಕೈಗೆ ಒಳ್ಳೆ ಹೆಸರಿಲ್ಲ ತಾಯಿ ಅಂದರೆ, ಇಲ್ಲ ಎನ್ನುವ ಗೃಹಿಣಿ ಯಾರಿದ್ದಾರೆ ಹೇಳಿ.

ಹಾಗಾದರೆ ಇಂಥವರನ್ನು ಹಿಡಿಯೋದು ಹೇಗೆ? ಹೂಡಿನಿಯನ್ನೇ ನೋಡಿ. 1922ರ ಕೊನೆಯಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ, ನಿಜವಾದ ಅತೀಂದ್ರಿಯ ಶಕ್ತಿ ತೋರಿಸಿದವರಿಗೆ ಬಹುಮಾನ ಅಂತ ಘೋಷಿಸಿ ಒಂದು ಸಮಿತಿ ಮಾಡಿತ್ತು. 1924ರಲ್ಲಿ ಬಾಸ್ಟನ್‌ನ ಮೀನಾ ಕ್ರ್ಯಾಂಡನ್, ಮಾರ್ಜರಿ ಅಂತ ಹೆಸರಾದವರು, ಬಹುಮಾನ ಹೊಡೆಯುವ ಹತ್ತಿರ ಇದ್ದರು. ಅವರ ಮನೆಯಲ್ಲಿ ಕತ್ತಲಾದ ಮೇಲೆ, ಒಂದು ಮರದ ಪೆಟ್ಟಿಗೆಯೊಳಗಿನ ಎಲೆಕ್ಟ್ರಿಕ್ ಗಂಟೆ ತಾನೇ ಬಡಿಯುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಒತ್ತಿದರೆ ಮಾತ್ರ ಬಡಿಯುವ ಗಂಟೆ ಅದು. ಮೀಡಿಯಂನ ಎರಡೂ ಕೈ ಬೇರೆಯವರ ಹಿಡಿತದಲ್ಲಿ, ಕಾಲುಗಳೂ ಅಕ್ಕಪಕ್ಕದವರ ಕಾಲಿಗೆ ತಾಗಿಕೊಂಡು. ಇನ್ನು ಒತ್ತುವವರು ಯಾರು?

ಹೂಡಿನಿ ಆ ದಿನ ಬೆಳಗ್ಗಿನಿಂದಲೇ ಬಲಗಾಲಿನ ಮಂಡಿಯ ಕೆಳಗೆ ರಬ್ಬರ್ ಪಟ್ಟಿ ಬಿಗಿಯಾಗಿ ಸುತ್ತಿಕೊಂಡಿದ್ದ. ಸಂಜೆ ಹೊತ್ತಿಗೆ ಕಾಲು ಬಾತು ನೋಯುತ್ತಿತ್ತು, ಏನು ತಾಗಿದರೂ ಗೊತ್ತಾಗುವಷ್ಟು ಸೂಕ್ಷ್ಮವಾಗಿತ್ತು. ದೀಪ ಆರಿದ ಮೇಲೆ ಪ್ಯಾಂಟು ಮೇಲಕ್ಕೆ ಮಡಚಿ ಬರೀ ಕಾಲನ್ನು ಮಾರ್ಜರಿಯ ಕಾಲಿಗೆ ತಾಗಿಸಿ ಕೂತ. ಅವರ ಪಾದ ಇಂಚಿಂಚಾಗಿ ಸರಿದು ಪೆಟ್ಟಿಗೆಯತ್ತ ಹೋಗಿದ್ದು, ರೇಷ್ಮೆ ಕಾಲುಚೀಲ ಉಜ್ಜಿದ್ದು, ಗಂಟೆ ಬಡಿದ ಗಳಿಗೆಯಲ್ಲಿ ಆ ಕಾಲಿನ ಸ್ನಾಯು ಬಿಗಿಯಾಗಿದ್ದು ಎಲ್ಲವೂ ಗೊತ್ತಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ. ಸಮಿತಿಯಲ್ಲಿ ದೊಡ್ಡ ದೊಡ್ಡ ಪಂಡಿತರಿದ್ದರು. ಆದರೆ ಕತ್ತಲೆಯಲ್ಲಿ ಕಾಲು ಏನು ಮಾಡುತ್ತದೆ ಅಂತ ತಿಳಿಯೋಕೆ ಬೇಕಾಗಿದ್ದು ಪಾಂಡಿತ್ಯ ಅಲ್ಲ. ನಮ್ಮ ಎಚ್. ನರಸಿಂಹಯ್ಯನವರದ್ದೂ ಇದೇ ಜಾತಿಯ ಬುದ್ಧಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಅವರು, ಗಾಳಿಯಿಂದ ಉಂಗುರ ತೆಗೆಯುವವರು ಒಂದು ಕುಂಬಳಕಾಯಿ ತೆಗೆದು ತೋರಿಸಲಿ ಅಂದರು. ಅಂಗಿಯ ತೋಳಿನೊಳಗೆ ಕುಂಬಳಕಾಯಿ ಹಿಡಿಸಲ್ಲ. ಅಷ್ಟೇ ತರ್ಕ.

ದಡ್ಡರು ಮಾತ್ರ ಇದಕ್ಕೆಲ್ಲ ಬೀಳುತ್ತಾರೆ ಅಂದುಕೊಳ್ಳಬೇಡಿ. ಷರ್ಲಾಕ್ ಹೋಮ್ಸ್‌ನಂಥ ತರ್ಕದ ಗಣಿಯನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಮೀಡಿಯಂಗಳ ದೊಡ್ಡ ಪ್ರಚಾರಕ. ರೇಡಿಯೋ ಅಲೆಗಳ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಆಲಿವರ್ ಲಾಡ್ಜ್, 1915ರಲ್ಲಿ ಯುದ್ಧದಲ್ಲಿ ಸತ್ತ ಮಗ ರೇಮಂಡ್ ತನ್ನ ಜೊತೆ ಮಾತಾಡಿದ ಅಂತ ಪುಸ್ತಕವನ್ನೇ ಬರೆದರು. ಡಾಯ್ಲ್ ಕೂಡ 1918ರಲ್ಲಿ ಮಗನನ್ನು ಕಳೆದುಕೊಂಡವರು. ಮೊದಲ ಮಹಾಯುದ್ಧ, ಅದರ ಬೆನ್ನಿಗೇ ಬಂದ ಇನ್‌ಫ್ಲುಯೆಂಜಾ. ಯೂರೋಪಿನಲ್ಲಿ ಸಾವು ಕಾಣದ ಮನೆ ಹುಡುಕಬೇಕಿತ್ತು. ಸಿನಿಮಾ 1928ರಲ್ಲಿ ನಡೆಯುವುದು ಸುಮ್ನೆ ಅಲ್ಲ. 1922ರಲ್ಲಿ ಡಾಯ್ಲ್ ಅವರ ಹೆಂಡತಿ, ಹೂಡಿನಿಯ ತೀರಿಹೋದ ತಾಯಿ ಬರೆಸುತ್ತಿದ್ದಾರೆ ಅಂತ 15 ಪುಟ ಗೀಚಿ ಕೊಟ್ಟರು. ಮೊದಲ ಪುಟದ ಮೇಲೆ ಶಿಲುಬೆ ಗುರುತು, ಕೆಳಗೆಲ್ಲ ಇಂಗ್ಲಿಷ್. ಹೂಡಿನಿಯ ತಾಯಿಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ, ಅವರು ಯಹೂದಿ ಪುರೋಹಿತರ ಹೆಂಡತಿ. ಇಷ್ಟಾದರೂ ಡಾಯ್ಲ್ ನಂಬಿಕೆ ಅಲುಗಲಿಲ್ಲ, ಸ್ನೇಹ ಮುರಿಯಿತು.

ಬಹಳ ಸಲ ಮೋಸ ಮಾಡುವವರೇ ಇರೋದಿಲ್ಲ, ಅದು ಇನ್ನೂ ಮಜಾ. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹತ್ತಿತ್ತು. ಎಲ್ಲರೂ ಮೇಜಿನ ಮೇಲೆ ಕೈ ಇಟ್ಟು ಕೂತರೆ ಮೇಜು ತಾನೇ ಚಲಿಸುತ್ತಿತ್ತು. ಮೈಕೆಲ್ ಫ್ಯಾರಡೆ ಕೈಗೂ ಮೇಜಿಗೂ ನಡುವೆ ಕೆಲವು ರಟ್ಟಿನ ಪದರಗಳನ್ನು ಮೆತ್ತನೆ ಅಂಟಿನಿಂದ ಜೋಡಿಸಿ ಇಟ್ಟರು. ಮೇಜು ಮೊದಲು ಸರಿದು ಕೈಯನ್ನು ಎಳೆದಿದ್ದರೆ ಕೆಳಗಿನ ರಟ್ಟು ಮುಂದೆ ಇರಬೇಕು, ಕೈಯೇ ತಳ್ಳಿದ್ದರೆ ಮೇಲಿನದು. ಮೇಲಿನ ರಟ್ಟೇ ಮುಂದಿತ್ತು. ಆಮೇಲೆ ಕೈ ಒತ್ತಿದರೆ ವಾಲುವ ಒಂದು ಕಡ್ಡಿ ಇಟ್ಟು, ಕೂತವರ ಕಣ್ಣಿಗೇ ಬೀಳುವಂತೆ ಮಾಡಿದರು. ಮೇಜು ನಿಂತೇಹೋಯಿತು. ಆ ಜನ ಸುಳ್ಳು ಹೇಳುತ್ತಿರಲಿಲ್ಲ, ತಮ್ಮ ಕೈ ತಳ್ಳುತ್ತಿರುವುದು ಅವರಿಗೇ ಗೊತ್ತಿರಲಿಲ್ಲ.

ಸಿನಿಮಾ ಎಡವುವುದು ಇನ್ನು ಮೇಲೆ. ನಂಬದಿದ್ದಾಗ ಸ್ಟಾನ್ಲಿ ಮುಖ ಗಂಟು ಹಾಕಿಕೊಂಡಿರುತ್ತಾನೆ, ನಂಬಿದ ಮೇಲೆ ಹೂವಿನ ಪರಿಮಳ ತೆಗೆದುಕೊಳ್ಳುತ್ತಾನೆ, ಬದುಕು ಚೆಂದ ಎನ್ನುತ್ತಾನೆ. ಸತ್ಯ ಬೇಕೋ ಸುಖ ಬೇಕೋ, ಒಂದನ್ನು ಆರಿಸಿಕೋ ಅನ್ನೋ ಹಾಗೆ ಕಥೆ ಓಡುತ್ತದೆ. ಆ ಮನೆಯ ವಿಧವೆ ಗ್ರೇಸ್, ಗಂಡ ತನಗೆ ನಿಷ್ಠನಾಗಿದ್ದನಾ ಅಂತ ಸೋಫಿ ಮೂಲಕ ಕೇಳಿಸಿ, ಹೌದು ಅನ್ನೋ ಉತ್ತರ ಸಿಕ್ಕಿ ನೆಮ್ಮದಿಯಾಗುತ್ತಾಳೆ. ಈ ಸುಳ್ಳಿನಿಂದ ಯಾರಿಗೆ ನಷ್ಟ ಅಂತ ನಮಗೂ ಅನಿಸುತ್ತದೆ, ಅಲ್ವಾ?

ಆದರೆ ನೆಮ್ಮದಿಗೆ ಮೀಡಿಯಂ ಬೇಕೇ ಬೇಕಾ? ವೇಲ್ಸ್‌ನ ಹಳ್ಳಿಗಾಡಿನಲ್ಲಿ ವೈದ್ಯರಾಗಿದ್ದ ಡೆವಿ ರೀಸ್, ಸಂಗಾತಿ ತೀರಿಹೋದ 293 ಜನರನ್ನು ಮಾತಾಡಿಸಿ 1971ರಲ್ಲಿ ವರದಿ ಪ್ರಕಟಿಸಿದರು. ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಸತ್ತ ಗಂಡನೋ ಹೆಂಡತಿಯೋ ಹತ್ತಿರವೇ ಇದ್ದಾರೆ ಅನಿಸಿತ್ತು. ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿತ್ತು. ಇವರು ಹುಚ್ಚರಲ್ಲ, ಖಿನ್ನತೆಯ ರೋಗಿಗಳೂ ಅಲ್ಲ. ಹೆಚ್ಚಿನವರಿಗೆ ಅದರಿಂದ ಒಳ್ಳೆಯದೇ ಆಗಿತ್ತು. ಆದರೂ ಬಹಳಷ್ಟು ಜನ ಯಾರ ಹತ್ತಿರವೂ, ಡಾಕ್ಟರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ವರ್ಷ ಸಂಜೆ ಆರಕ್ಕೆ ಗೇಟಿನ ಸದ್ದು ಕಾದಿದ್ದ ಮಿದುಳು, ಆರು ಗಂಟೆಗೆ ಅದನ್ನು ತಾನೇ ಕೇಳಿಸಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಕತ್ತಲೆ ಕೋಣೆ ಇಲ್ಲ, ದಾರ ಇಲ್ಲ, ಫೀಸೂ ಇಲ್ಲ. ಇದು ದೆವ್ವ ಅಲ್ಲ, ನಿಮ್ಮಂಥ ಎಷ್ಟೋ ಜನಕ್ಕೆ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದರೆ ಸತ್ಯ ಹೇಳಿದ ಹಾಗೂ ಆಯಿತು, ಸಮಾಧಾನ ಹೇಳಿದ ಹಾಗೂ ಆಯಿತು.

ಇನ್ನೊಂದು ಪುರಾವೆ ಔಷಧದ ಕಡೆಯಿಂದ. ಸಕ್ಕರೆ ಮಾತ್ರೆಯನ್ನು ಔಷಧ ಅಂತ ನಂಬಿಸಿ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ ಅಂತ ಬಹಳ ಕಾಲ ನಂಬಿದ್ದರು. 2010ರಲ್ಲಿ ಹಾರ್ವರ್ಡ್‌ನ ಟೆಡ್ ಕಪ್ಟ್‌ಚುಕ್ ತಂಡ, ಕರುಳಿನ ಕಿರಿಕಿರಿ ಇದ್ದ 80 ಜನರ ಮೇಲೆ ಒಂದು ಪ್ರಯೋಗ ಮಾಡಿತು. ಅರ್ಧ ಜನಕ್ಕೆ ಮಾತ್ರೆ ಕೊಟ್ಟು, ಇದರಲ್ಲಿ ಔಷಧ ಇಲ್ಲ, ಬರೀ ಹುಸಿ ಮಾತ್ರೆ ಅಂತ ಬಾಯಿಬಿಟ್ಟು ಹೇಳಿದರು. ಡಬ್ಬಿ ಮೇಲೂ ಹಾಗೇ ಬರೆದಿತ್ತು. 3 ವಾರದ ಕೊನೆಗೆ ಮಾತ್ರೆ ತಿಂದವರಲ್ಲಿ 59% ಜನ ತೃಪ್ತಿಕರ ಆರಾಮ ಸಿಕ್ಕಿತು ಅಂದರು, ತಿನ್ನದವರಲ್ಲಿ 35%. ಸಣ್ಣ ಪ್ರಯೋಗ, ರೋಗಿಗಳೇ ಹೇಳಿದ ಲೆಕ್ಕ, ಅದರಿಂದ ಕ್ಯಾನ್ಸರ್ ಗೆಡ್ಡೆ ಕರಗಲ್ಲ. ಆದರೆ ಆರಾಮಕ್ಕೆ ಸುಳ್ಳು ಬೇಕೇ ಬೇಕು ಅನ್ನೋ ವಾದ ಮಾತ್ರ ಅಲ್ಲಿ ಸಡಿಲವಾಯಿತು.

ಮೀಡಿಯಂ ದಂಧೆ ಶುರುವಾಗಿದ್ದೇ ಬಡಿತದ ಸದ್ದಿನಿಂದ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಊರಲ್ಲಿ ಫಾಕ್ಸ್ ಅಕ್ಕತಂಗಿಯರು ಪ್ರಶ್ನೆ ಕೇಳಿದರೆ ಗೋಡೆ ಟಕ್ ಟಕ್ ಅಂತ ಉತ್ತರ ಕೊಡುತ್ತಿತ್ತು. 40 ವರ್ಷ ಆದಮೇಲೆ, 1888ರಲ್ಲಿ, ಅವರಲ್ಲೊಬ್ಬಳಾದ ಮಾರ್ಗರೆಟ್ ತುಂಬಿದ ಸಭಾಂಗಣದಲ್ಲಿ ಚಪ್ಪಲಿ ಕಳಚಿ, ಕಾಲ್ಬೆರಳಿನ ಗೆಣ್ಣು ಲಟಿಕೆ ಮುರಿದು ಆ ಸದ್ದು ಮಾಡಿ ತೋರಿಸಿದಳು. (ಮರುವರ್ಷ ಆ ಮಾತನ್ನು ವಾಪಸ್ ತೆಗೆದುಕೊಂಡಳು, ಕೈಯಲ್ಲಿ ಕಾಸಿರಲಿಲ್ಲ.) ಸಿನಿಮಾದಲ್ಲಿ ಸೋಫಿ ಕರೆಸುವ ಆತ್ಮಗಳೂ ಹಾಗೇ ಬಡಿಯುತ್ತವೆ. ಕೊನೆಯ ದೃಶ್ಯದಲ್ಲಿ ಸ್ಟಾನ್ಲಿಗೆ ಮತ್ತೆ ಆ ಸದ್ದು ಕೇಳಿಸುತ್ತದೆ. ಸೋಫಿ ಬಂದಿದ್ದಾಳೆ ಅಂತ ಗೊತ್ತಾಗಿ, ಆತ್ಮವನ್ನು ಕೇಳುವ ಧಾಟಿಯಲ್ಲೇ ನನ್ನ ಮದುವೆಯಾಗ್ತೀಯಾ ಅಂತ ಕೇಳುತ್ತಾನೆ. ಹೌದು ಅಂತ ಬಡಿತ ಬರುತ್ತದೆ. ಬಡಿದವರು ಯಾರು ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು, ಟಿಕೆಟ್ ಕೊಂಡ ನಮಗೂ ಗೊತ್ತು. ಆದರೂ ಖುಷಿಯಾಗುತ್ತದೆ. ಸುಳ್ಳಿಲ್ಲದೆ ಸುಖವಿಲ್ಲ ಅಂತ ಇಡೀ ಸಿನಿಮಾ ವಾದ ಮಾಡಿದ ನಿರ್ದೇಶಕರು, ತಮ್ಮ ಕೊನೆಯ ದೃಶ್ಯವೇ ಆ ವಾದವನ್ನು ಹೊಡೆದುಹಾಕಿದ್ದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ.