ಗೆರೆ ಯಾಕೆ ಉಬ್ಬಿತು?

ಗುಜರಿಯಿಂದ ತಂದ ಹಳೇ ಸಿಆರ್‌ಓ, ಅಂದರೆ ಕರೆಂಟಿನ ಅಲೆಗಳನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್, ಆನ್ ಮಾಡಿದಿರಿ. ಹಸಿರು ಗೆರೆ ಬಂತು. ಬ್ರೈಟ್‌ನೆಸ್ ತಿರುಗಿಸಿದಂತೆ ಚಿತ್ರ ಉಬ್ಬುತ್ತಾ ಮಸುಕಾಯಿತು. ಬೇಜಾರು ಬೇಡ, ಏನೂ ಕಾಣದ ಕಪ್ಪು ಪರದೆಗಿಂತ ಇದು ಎಷ್ಟೋ ಮೇಲು. ಹೈ ವೋಲ್ಟೇಜ್ ಕುಸಿಯುತ್ತಿದೆ ಎಂದು ಮುಚ್ಚಳ ಬಿಚ್ಚುವ ಮೊದಲೇ ಗೊತ್ತಾಯಿತಲ್ವಾ?

ಗೆರೆ ಎಳೆಯುವುದು ಎಲೆಕ್ಟ್ರಾನುಗಳ ಕಿರಣ. ಅದನ್ನು ಪರದೆಯತ್ತ ಓಡಿಸುವುದೇ ಹೈ ವೋಲ್ಟೇಜ್. ಅದನ್ನು ಬಾಗಿಸಲು ಎರಡು ಜೊತೆ ಲೋಹದ ಪ್ಲೇಟುಗಳಿವೆ. ಎಲೆಕ್ಟ್ರಾನು ಜೋರಾಗಿ ಓಡಿದರೆ ಪ್ಲೇಟುಗಳ ನಡುವೆ ಇರುವ ಹೊತ್ತು ಕಡಿಮೆ, ಬಾಗುವುದೂ ಕಡಿಮೆ. ವೋಲ್ಟೇಜ್ ಬಿದ್ದರೆ ಓಟ ನಿಧಾನ, ಬಾಗು ಜಾಸ್ತಿ, ಚಿತ್ರ ದೊಡ್ಡದು. ಹಾಗಾಗಿ ಸ್ಕೋಪಿನದೇ ಕ್ಯಾಲಿಬ್ರೇಟರಿನ, ಅಂದರೆ ಅಳತೆ ಮೊದಲೇ ಗೊತ್ತಿರುವ, ಚೌಕ ಅಲೆ ಹಾಕಿ ನೋಡಿ. ಎತ್ತರ ಮಾತ್ರ ತಪ್ಪಿದ್ದರೆ ಗೆರೆಯನ್ನು ಮೇಲೆ ಕೆಳಗೆ ಆಡಿಸುವ ವರ್ಟಿಕಲ್ ಆಂಪ್ಲಿಫೈಯರ್ ಕಡೆ ಹೋಗಿ. ಎತ್ತರ, ಅಗಲ ಎರಡೂ ಹಿಗ್ಗಿದ್ದರೆ ಹೈ ವೋಲ್ಟೇಜ್ ಕಮ್ಮಿ. ಎರಡೂ ಕುಗ್ಗಿದ್ದರೆ ಜಾಸ್ತಿ. ವೋಲ್ಟೇಜನ್ನು ಹಿಡಿತದಲ್ಲಿಡುವ ಮೆಗಾಓಮ್ ರೆಸಿಸ್ಟರುಗಳು ಹಳತಾಗಿ ಓಮ್ ಏರಿಸಿಕೊಂಡರೆ ಹೀಗಾಗುತ್ತದೆ.

1950ರ ದಶಕದ ಟೆಕ್‌ಟ್ರಾನಿಕ್ಸ್ 545 ನೋಡಿ. ಎಲೆಕ್ಟ್ರಾನು ಹೊರಡುವ ಕ್ಯಾಥೋಡಿಗೆ ಮೈನಸ್ 1,350 ವೋಲ್ಟ್, ಅದನ್ನು ಸೆಳೆಯುವ ಪರದೆ ಕಡೆಯ ಆನೋಡಿಗೆ ಪ್ಲಸ್ 8,650. ಒಟ್ಟು 10,000. ಆ ಸರಣಿಯಲ್ಲಿ ಒಂದು ಹೆಸರುವಾಸಿ ಕಾಯಿಲೆ ಉಂಟು: ಆನ್ ಮಾಡಿದಾಗ ಎಲ್ಲ ಸರಿ, ಬಿಸಿಯಾದ ಮೇಲೆ ಗೆರೆ ಉಬ್ಬಿ ಮಾಯ. ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿಗೆ ಹೊಯ್ದ ಎಪಾಕ್ಸಿ ಅಂಟು ಹಳತಾಗಿ, ಬಿಸಿಯಾದಂತೆ ಶಕ್ತಿಯನ್ನು ತಾನೇ ತಿನ್ನತೊಡಗುತ್ತದೆ.

ನಮ್ಮ ಕರಾವಳಿಯಲ್ಲಿ ಮಾತ್ರ ನಾನು ಮೊದಲು ಅನುಮಾನಿಸುವುದು ತೇವವನ್ನು. ಆಟಿಯ ಮಳೆಗೆ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ಇದು. ಸುರತ್ಕಲ್, ಮಲ್ಪೆ ಕಡೆ ಗಾಳಿಯಲ್ಲಿ ಉಪ್ಪೂ ಸೇರಿರುತ್ತದೆ. ಹಳೇ ಧೂಳಿನ ಮೇಲೆ ಉಪ್ಪು, ಅದರ ಮೇಲೆ ತೇವ ಕೂತರೆ ಕರೆಂಟಿಗೆ ದಾರಿ ಸಿಕ್ಕ ಹಾಗೆ. ಆ ದಾರಿಯ ತಡೆ 1,000 ಮೆಗಾಓಮ್ ಇದೆ ಅಂದುಕೊಳ್ಳಿ. 10,000 ವೋಲ್ಟಿಗೆ 10 ಮೈಕ್ರೋಆಂಪ್ ಸೋರುತ್ತದೆ. ಕಿರಣದ ಕರೆಂಟೇ ಮೈಕ್ರೋಆಂಪ್‌ಗಳ ಲೆಕ್ಕದ್ದು! ಸಾಧಾರಣ ಮಲ್ಟಿಮೀಟರ್ ಇಷ್ಟು ದೊಡ್ಡ ತಡೆಯನ್ನು ಓಪನ್, ಅಂದರೆ ದಾರಿಯೇ ಇಲ್ಲ, ಎಂದೇ ತೋರಿಸುತ್ತದೆ. ಕಿವಿ, ಮೂಗು ವಾಸಿ. ಸುಯ್ಯೆನ್ನುವ ಸದ್ದು, ಓಝೋನಿನ ಖಾರ ವಾಸನೆ, ಕತ್ತಲಲ್ಲಿ ನೀಲಿ ಮಿಣುಕು ಸಿಕ್ಕರೆ ಜಾಗ ಸಿಕ್ಕಿತು. ಪ್ಲಗ್ ಕಿತ್ತು, ಡಿಸ್‌ಚಾರ್ಜ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲಷ್ಟೇ ಮತ್ತೆ ಆನ್.

ಹೆದರಬೇಕಾದ್ದು ಎಲ್ಲಿ? ಹೈ ವೋಲ್ಟೇಜ್ ಕಡೆಯ 500 ಪಿಕೋಫ್ಯಾರಡ್ ಕೆಪಾಸಿಟರಿನಲ್ಲಿ (ಚಾರ್ಜ್ ತುಂಬಿಡುವ ಬಿಡಿಭಾಗ) 10,000 ವೋಲ್ಟ್ ಇದ್ದರೂ ತುಂಬಿರುವ ಶಕ್ತಿ ಬರೀ 0.025 ಜೂಲ್. ಪವರ್ ಸಪ್ಲೈನ 100 ಮೈಕ್ರೋಫ್ಯಾರಡ್, 400 ವೋಲ್ಟಿನ ಡಬ್ಬಿ ಕೆಪಾಸಿಟರಿನಲ್ಲಿ 8 ಜೂಲ್. ಸುಮ್ನೆ ಕೂತಿರುವ ಆ ಡಬ್ಬಿಯೇ ಜಾಸ್ತಿ ಅಪಾಯ. ಹಾಗಂತ ಮೊದಲನೆಯದು ಸಲೀಸಲ್ಲ, ಬೆಚ್ಚಿ ಕೈ ಎಳೆದುಕೊಂಡಾಗ ಇನ್ನೆಲ್ಲಿಗೋ ತಾಗುತ್ತದೆ. ಎರಡನ್ನೂ ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿ, ಕೆಪಾಸಿಟರಿನಲ್ಲಿ ಚಾರ್ಜ್ ತಾನಾಗಿ ಮರಳುವುದುಂಟು. ಇನ್ನೊಂದು ಮೋಸ: ಟ್ಯೂಬಿನ ಹೀಟರ್ 6.3 ವೋಲ್ಟಿನದು, ಆದರೆ 545ರಲ್ಲಿ ಆ ಎರಡೂ ವೈರುಗಳು ಚಾಸಿಗಿಂತ (ಸ್ಕೋಪಿನ ಲೋಹದ ಚೌಕಟ್ಟು) 1,350 ವೋಲ್ಟ್ ಕೆಳಗೆ ತೇಲುತ್ತಿರುತ್ತವೆ. ಮೀಟರ್ ಹಿಡಿದು ಕೈಹಾಕಬೇಡಿ. ಅಳೆಯಲು ಹೈ ವೋಲ್ಟೇಜ್ ಪ್ರೋಬ್ ಬೇಕೇ ಬೇಕು.

ವೋಲ್ಟೇಜ್ ಸರಿಯಾದ ಮೇಲೆ ಚೌಕ ಅಲೆ ಇನ್ನೊಮ್ಮೆ ನೋಡಿ. ಈಗ ಚಿಕ್ಕದಾಗಿ ಕಂಡರೆ, ಹಿಂದೆ ಯಾರೋ ಮೆಕ್ಯಾನಿಕ್ ಉಬ್ಬಿದ ಚಿತ್ರವನ್ನು ಕುಗ್ಗಿಸಲು ಗೇನ್ ಪ್ರಿಸೆಟ್ (ಚಿತ್ರದ ಅಳತೆ ಹೊಂದಿಸುವ ಒಳಗಿನ ತಿರುಪು) ತಿರುಗಿಸಿ ರಿಪೇರಿ ಮುಗಿಸಿದ್ದಾನೆ ಎಂದೇ ಅರ್ಥ.