ಕುಟ್ಟೆಯ ತೂತಿಗೆ ಮೇಣ ತುಂಬುವ ಮೊದಲು

ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಮುಂಚೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ: "ಜಂತೆಯಲ್ಲಿ ತೂತು ಬಿದ್ದಿದೆ. ವಿಷ ಬೇಡ. ಹುಳ ಒಳಗೆ ಹೋಗದ ಹಾಗೆ ಯಾವ ಎಣ್ಣೆ ಹೊಡೀಲಿ?"

ಮಾರಾಯ್ರೆ, ಅದು ಹುಳ ಒಳಗೆ ಹೋದ ತೂತಲ್ಲ, ಹೊರಗೆ ಬಂದ ತೂತು. ಮರ ಎಣ್ಣೆ, ಪಾಲಿಶ್ ಇಲ್ಲದೆ ಬರಿಮೈಯಲ್ಲಿದ್ದಾಗ ಕುಟ್ಟೆ ಹುಳ ಅದರ ಬಿಳಿ ಭಾಗದ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಟ್ಟಿರುತ್ತದೆ. ಮರಿ ಒಳಗಿನ ಪಿಷ್ಟ ತಿನ್ನುತ್ತಾ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ, ಕೊರೆಯುತ್ತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಬಲಿತ ಮೇಲೆ ಮೇಲ್ಮೈ ಕೊರೆದು ಹಾರುತ್ತದೆ; ನಿಮಗೆ ಗೊತ್ತಾಗುವುದು ಆಗ. ಅಗಸೆ ಎಣ್ಣೆ, ಜೇನುಮೇಣ ರಂಧ್ರ ಮುಚ್ಚಿ ಹೊಸ ಮೊಟ್ಟೆಗೆ ಜಾಗ ತಪ್ಪಿಸುತ್ತವೆ. ಒಳಗಿರುವ ಮರಿಯನ್ನು ಕೊಲ್ಲುವುದಿಲ್ಲ.

ತೀರ್ಥಹಳ್ಳಿ ಕಡೆ ಒಂದು ಮನೆ. ಮಗ ಜಗುಲಿಯ ಜಂತೆಯ ತೂತಿಗೆಲ್ಲ ಮೇಣ ತುಂಬಿ ಎರಡು ಕೋಟ್ ಎಣ್ಣೆ ಹೊಡೆದಿದ್ದ. ಮುಂದಿನ ಬೇಸಿಗೆಗೆ ಮೇಣದ ಪಕ್ಕದಲ್ಲೇ ಹೊಸ ತೂತು. ಅವನ ಅಮ್ಮ ಆ ಮೂಲೆಯಲ್ಲಿ ಗುಡಿಸಿದ ಮರದ ಹಿಟ್ಟನ್ನು ಅಂಗೈಯಲ್ಲಿ ತಂದು ತೋರಿಸಿದರು. ರಾಗಿ ಹಿಟ್ಟಿಗಿಂತ ನಯ. "ಇದು ನಿಂತೇ ಇಲ್ಲ ನೋಡಿ" ಅಂದರು. ಆ ಮನೆಯಲ್ಲಿ ಮರ ಪರೀಕ್ಷೆ ಮಾಡಿದ್ದು ಅವರೊಬ್ಬರೇ.

ನೀವೂ ಜಂತೆ ಉಜ್ಜಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ತಿಂಗಳು ನೋಡಿ. ಹಿಟ್ಟು ಬೀಳುತ್ತಲೇ ಇದ್ದರೆ ಒಳಗೆ ಹುಳ ಇರುವುದೇ ಹೆಚ್ಚು. (ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು, ಅದರ ದಾರಿಯೇ ಬೇರೆ.) ಹುಳ ಇದ್ದರೆ ಹಳೆಯ ಪಾಲಿಶ್ ಪೂರ್ತಿ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೋರಾಕ್ಸ್ (ಬಿಳಿಗಾರ) ಕರಗಿಸಿದ ನೀರು ಮರಕ್ಕೆ ಇಳಿಯುವುದಿಲ್ಲ. 5 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಮೂರು ಸಲ ಬಳಿಯಿರಿ. ಚೆನ್ನಾಗಿ ಒಣಗಿದ ಮೇಲೆಯೇ ಎಣ್ಣೆ. ನಮ್ಮ ಮಳೆಗೆ ಸೂರಿನಂಚಿನ ಬೋರಾಕ್ಸ್ ತೊಳೆದು ಹೋಗುತ್ತದೆ, ಅದಕ್ಕೇ ಮೇಲೆ ಎಣ್ಣೆಯ ಹೊದಿಕೆ ಬೇಕು. ದಪ್ಪ ತೊಲೆಯ ಒಳಗಿನವರೆಗೂ ಇದು ತಲುಪುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಉಳಿ ಚುಚ್ಚಿದರೆ ಮೆತ್ತಗೆ ಇಳಿಯುವ ತೊಲೆಯನ್ನು ಬಡಗಿಗೆ ತೋರಿಸಿ.

ಬೋರಾಕ್ಸಿಗೆ ವಿಷ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ. ಹಿರಿಯರು ಬಳಿಯುತ್ತಿದ್ದ ಗೇರೆಣ್ಣೆಯೂ (ಗೇರು ಬೀಜದ ಸಿಪ್ಪೆಯ ಎಣ್ಣೆ) ಒಳ್ಳೆಯದೇ, ಆದರೆ ಹಸಿಯಾಗಿ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಅಟ್ಟಕ್ಕೆ ಎಸೆಯಬೇಡಿ. ತಾನಾಗಿ ಕಾವು ಏರಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಬಿಡಿಸಿ ಒಣಹಾಕಿ.