ಚಿಗಟ ದುಂಬಿ: ದ್ರಾಕ್ಷಿಯ ಕಣ್ಣು ತಿನ್ನುವ ಹುಳು

ಮಂಡ್ಯದ ಕಬ್ಬಿನ ರೈತರಿಗೆ ‘ಕಣ್ಣು’ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಬಿತ್ತನೆ ತುಂಡಿನ ಕಣ್ಣು ಹೋದರೆ ಮೊಳಕೆಯೇ ಇಲ್ಲ. ದ್ರಾಕ್ಷಿ ಬಳ್ಳಿಗೂ ಇಂಥದ್ದೇ ಕಣ್ಣುಗಳಿವೆ. ಅವನ್ನು ತಿನ್ನುವ ಹುಳುವೇ ಚಿಗಟ ದುಂಬಿ.

ದುಂಬಿ ಅಂದ ತಕ್ಷಣ ಹೂವಿನ ಸುತ್ತ ಗುಂಯ್‌ಗುಡುವ ಕರಿದುಂಬಿ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಬೆನ್ನ ಮೇಲೆ ಗಟ್ಟಿ ಹೊದಿಕೆ ಇರುವ ಹುಳುಗಳಿಗೂ ದುಂಬಿ ಅನ್ನುತ್ತಾರೆ. ತೆಂಗಿನ ಸುಳಿ ಕೊರೆಯುವ ಕುರುವಾಯಿಯೂ ಈ ಲೆಕ್ಕದಲ್ಲಿ ದುಂಬಿಯೇ.

ಇನ್ನು ‘ಚಿಗಟ’. ಇಂಗ್ಲಿಷಿನ ‘ಫ್ಲೀ ಬೀಟಲ್’ ಅನ್ನುವುದರಿಂದ ಬಂದ ಮಾತು ಇದು. ದಪ್ಪ ಹಿಂದೊಡೆಗಳಿಂದ ನಾಯಿ ಚಿಗಟದಂತೆ ಚಿಮ್ಮುವ ದುಂಬಿಗಳಿಗೆ ಇಟ್ಟ ಹೆಸರು. ಅಮೆರಿಕದ ದ್ರಾಕ್ಷಿಗೆ ಬೀಳುವ ಆಲ್ಟಿಕ ಅಂಥದ್ದು. ನಮ್ಮ ದೇಶದ ದ್ರಾಕ್ಷಿಗೆ ಕಾಟ ಕೊಡುವುದು ಬೇರೆ, ಸ್ಕೆಲೊಡಾಂಟ ಸ್ಟ್ರಿಜಿಕಾಲಿಸ್. ಎರಡೂ ಎಲೆ ದುಂಬಿಗಳ ಒಂದೇ ದೊಡ್ಡ ಕುಟುಂಬದವು, ಆದರೆ ಕವಲು ಬೇರೆ. ಹೆಸರು ಮಾತ್ರ ಇದಕ್ಕೂ ಅಂಟಿಕೊಂಡಿದೆ. ಬಳ್ಳಿ ಅಲುಗಿಸಿ ನೋಡಿ, ಪಟ್ಟನೆ ನೆಲಕ್ಕೆ ಬಿದ್ದು ಸತ್ತ ಹಾಗೆ ಸುಮ್ನೆ ಇದ್ದುಬಿಡುತ್ತದೆ. ಉದ್ದಿನ ಕಾಳಿನಷ್ಟು ಗಾತ್ರ, ತಾಮ್ರದ ಹೊಳಪು, ಮೇಲೆ ಕಪ್ಪು ಮಚ್ಚೆ. ಮಣ್ಣಿನಲ್ಲಿ ಬಿದ್ದರೆ ಹುಡುಕುವುದು ಕಷ್ಟ.

ಎಲೆಯಲ್ಲಿ ಸೀಳಿದಂಥ ಉದ್ದುದ್ದ ತೂತು ಕಂಡು ನಾವು ಗಾಬರಿಯಾಗುತ್ತೇವೆ. ನಿಜವಾದ ನಷ್ಟ ಅದಕ್ಕೂ ಮೊದಲೇ ಆಗಿರುತ್ತದೆ. ಬಳ್ಳಿಯ ಕೊಂಬೆ ಕತ್ತರಿಸಿ ಸವರಿದ ಮೇಲೆ (ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅನ್ನುತ್ತಾರೆ, ಏಪ್ರಿಲ್ ಮತ್ತು ಅಕ್ಟೋಬರ್ ಹೊತ್ತಿಗೆ ಮಾಡುತ್ತಾರೆ) ಕಣ್ಣುಗಳು ಉಬ್ಬುತ್ತವೆ. ದುಂಬಿಗೆ ಬೇಕಿರುವುದು ಅದೇ. ಕೆರೆದು ತಿಂದ ಕಣ್ಣು ಒಡೆಯುವುದಿಲ್ಲ. ಚಿಗುರು ಇಲ್ಲದಿದ್ದರೆ ಗೊಂಚಲು ಎಲ್ಲಿಂದ ಬರಬೇಕು? ಅದಕ್ಕೇ ಸವರಿದ ನಂತರದ ದಿನಗಳಲ್ಲಿ ಎಲೆಗಿಂತ ಕಣ್ಣನ್ನೇ ಜಾಸ್ತಿ ನೋಡಬೇಕು.

ಮೊಟ್ಟೆ ಇಡುವುದು ಸಡಿಲ ತೊಗಟೆಯ ಕೆಳಗೆ. ಮರಿಹುಳು ಮಣ್ಣಿಗಿಳಿದು ಬೇರು ತಿನ್ನುತ್ತದೆ, ಅಲ್ಲೇ ಕೋಶವಾಗುತ್ತದೆ. ಹಾಗಾಗಿ ಸವರುವಾಗಲೇ ಸಡಿಲ ತೊಗಟೆ ಸುಲಿದು ಸುಡುವುದು ಒಳ್ಳೆಯದು. ಮನೆ ಹಿಂದೆ ಒಂದೇ ಚಪ್ಪರ ಇದ್ದವರಿಗೆ ಔಷಧಿಯ ಡಬ್ಬ ಹುಡುಕುವ ಮೊದಲು ಇನ್ನೊಂದು ದಾರಿ ಇದೆ. ದುಂಬಿ ಬಿದ್ದು ಸತ್ತಂತೆ ನಟಿಸುವ ಗುಣವೇ ನಮಗೆ ಅನುಕೂಲ. ಬಳ್ಳಿಯ ಕೆಳಗೆ ಬಿಳಿ ಪಂಚೆ ಹಾಸಿ, ಕೊಂಬೆ ಅಲುಗಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ.